ಬೆಳ್ಳಿಯನ್ನು ನೋಡಲು ಕಲಿಯೋಣ



ಮನೆಮನೆಯಲ್ಲಿ ಗಡಿಯಾರವಿಲ್ಲದ ಕಾಲದಲ್ಲಿ ನಮ್ಮ ಹಿರಿಯರಿಗೆ ಬೆಳಗಿನ ಹೊತ್ತು ತಿಳಿಸುತ್ತಿದ್ದವರು ಇಬ್ಬರು. ಒಂದು ಕೋಳಿ, ಇನ್ನೊಂದು ಬೆಳ್ಳಿ. "ಬೆಳ್ಳಿ ಮೂಡಿತು" ಎಂದರೆ ಏಳುವ ಹೊತ್ತಾಯಿತು ಎಂದೇ ಅರ್ಥ. ಈ ಬೆಳ್ಳಿಯೇ ಶುಕ್ರಗ್ರಹ. ವಾರದ ಏಳು ದಿನಗಳಲ್ಲಿ ಒಂದಕ್ಕೆ ಅದರ ಹೆಸರಿದೆ. ಪಂಚಾಂಗದಲ್ಲಿ ಅದಕ್ಕೆ ಸ್ಥಾನವಿದೆ. ತಾಳಮದ್ದಳೆಯಲ್ಲಿ ಮೃತಸಂಜೀವಿನಿ ಬಲ್ಲ ಶುಕ್ರಾಚಾರ್ಯನ ವಾದವನ್ನು ನಾವು ರಾತ್ರಿಯಿಡೀ ನಿದ್ದೆಗೆಟ್ಟು ಕೇಳುತ್ತೇವೆ. ಇಷ್ಟೆಲ್ಲ ಪರಿಚಯವಿದ್ದರೂ, ಆಕಾಶದಲ್ಲಿ ಆ ಗ್ರಹವನ್ನು ಬೆರಳುಮಾಡಿ ತೋರಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಹತ್ತನೆಯ ತರಗತಿಯ ಯಾವುದೇ ವಿದ್ಯಾರ್ಥಿಯನ್ನು ಶುಕ್ರನ ವಿಶೇಷವೇನೆಂದು ಕೇಳಿ ನೋಡಿ. "ಭೂಮಿಯ ಅವಳಿ ಗ್ರಹ" ಎಂಬ ಉತ್ತರ ಒಡನೆಯೇ ಬರುತ್ತದೆ. ಒಂದು ಅಂಕವೂ ಸಿಗುತ್ತದೆ. ಆದರೆ ಈ ಅರ್ಧವಾಕ್ಯದಲ್ಲಿಯೇ ನಮ್ಮ ಕಲಿಕೆ ನಿಂತುಬಿಟ್ಟರೆ ಅದು ಏನೂ ತಿಳಿಯದಿರುವುದಕ್ಕಿಂತ ಕೆಟ್ಟದ್ದು ಎಂದು ನನ್ನ ಅಭಿಪ್ರಾಯ. ಏಕೆಂದರೆ ಶುಕ್ರನು ನಮಗೆ ಕಲಿಸಬೇಕಾದ ದೊಡ್ಡ ಪಾಠ ಇರುವುದು ಹೋಲಿಕೆಯಲ್ಲಿ ಅಲ್ಲ, ವ್ಯತ್ಯಾಸದಲ್ಲಿ. ಆ ಪಾಠವು ಪರೀಕ್ಷೆಗೆ ಮಾತ್ರ ಸಂಬಂಧಿಸಿದ್ದಲ್ಲ. ನಾವು ಉಸಿರಾಡುವ ಗಾಳಿಗೆ ಸಂಬಂಧಿಸಿದ್ದು.

ಮೊದಲು ಹೋಲಿಕೆಯನ್ನೇ ನೋಡೋಣ. ಭೂಮಿಯ ವ್ಯಾಸ 12,756 ಕಿ.ಮೀ. ಶುಕ್ರನ ವ್ಯಾಸ 12,104 ಕಿ.ಮೀ. ಭೂಮಿಯನ್ನು ನೂರು ಸೇರು ತೂಕವೆಂದು ಇಟ್ಟುಕೊಂಡರೆ ಶುಕ್ರನು ಸುಮಾರು ಎಂಬತ್ತೊಂದೂವರೆ ಸೇರು. ಎರಡೂ ಕಲ್ಲಿನ ಗ್ರಹಗಳು. ಸೂರ್ಯನಿಂದ ಶುಕ್ರನಿಗೆ ಸುಮಾರು 10.8 ಕೋಟಿ ಕಿ.ಮೀ., ನಮಗೆ 15 ಕೋಟಿ. ನಮ್ಮ ಸಮೀಪಕ್ಕೆ ಬಂದಾಗ ಅದು ಸುಮಾರು 4 ಕೋಟಿ ಕಿ.ಮೀ. ದೂರದಲ್ಲಿರುತ್ತದೆ. ಬೇರಾವ ಗ್ರಹವೂ ನಮ್ಮ ಇಷ್ಟು ಹತ್ತಿರಕ್ಕೆ ಬರುವುದಿಲ್ಲ. ಇಷ್ಟನ್ನು ಕೇಳಿದರೆ ಒಂದೇ ತಾಯಿಯ ಮಕ್ಕಳು ಎನ್ನಬೇಕಾದ್ದೇ ಸರಿ.

ಆದರೆ ಒಂದೇ ತಾಯಿಯ ಮಕ್ಕಳ ನಡೆನುಡಿ ಎಷ್ಟು ಬೇರೆಯಾಗಬಹುದು! ಭೂಮಿಯೂ ಇತರ ಹೆಚ್ಚಿನ ಗ್ರಹಗಳೂ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತವೆ. ಶುಕ್ರನು ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತಾನೆ. ಅಲ್ಲಿ ಸೂರ್ಯನು ಪಡುವಣದಲ್ಲಿ ಹುಟ್ಟಿ ಮೂಡಣದಲ್ಲಿ ಮುಳುಗುತ್ತಾನೆ. "ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಇದು ನಡೆಯದು" ಎಂದು ನಾವು ಆಣೆ ಹಾಕುವುದುಂಟು. ಶುಕ್ರನಲ್ಲಿ ಆ ಆಣೆಗೆ ಬೆಲೆಯಿಲ್ಲ.

ಇನ್ನು ಅದರ ನಿಧಾನ. ತನ್ನ ಸುತ್ತಲೂ ಒಮ್ಮೆ ತಿರುಗಲು ಶುಕ್ರನಿಗೆ ನಮ್ಮ 243 ದಿನಗಳು ಬೇಕು. ಸೂರ್ಯನನ್ನು ಒಮ್ಮೆ ಸುತ್ತಲು ಬೇಕಾಗುವುದು 225 ದಿನಗಳು ಮಾತ್ರ. ಎಂದರೆ ತನ್ನನ್ನು ತಾನು ಸುತ್ತುವುದಕ್ಕಿಂತ ಬೇಗ ಅದು ಸೂರ್ಯನನ್ನು ಸುತ್ತಿ ಮುಗಿಸುತ್ತದೆ! ಈ ಎರಡು ಚಲನೆಗಳನ್ನೂ ಕೂಡಿಸಿ ಲೆಕ್ಕ ಹಾಕಿದರೆ ಅಲ್ಲಿ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ ನಮ್ಮ ಸುಮಾರು 117 ದಿನಗಳು. ಅಲ್ಲಿ ಶಾಲೆಯಿದ್ದು ಮುಖ್ಯೋಪಾಧ್ಯಾಯರು "ನಾಳೆ ಒಂದು ದಿನ ರಜೆ" ಎಂದು ಸಾರಿದರೆ ಮಕ್ಕಳಿಗೆ ಸುಮಾರು ನಾಲ್ಕು ತಿಂಗಳ ರಜೆ. ಆದರೆ ಪಾಠದ ದಿನವೂ ಅಷ್ಟೇ ಉದ್ದವೆಂಬುದನ್ನು ಮರೆಯಬಾರದು. ಭೂಮಧ್ಯರೇಖೆಯಲ್ಲಿ ನಮ್ಮ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ. ಶುಕ್ರನ ನೆಲದ ವೇಗ ಗಂಟೆಗೆ ಆರೂವರೆ ಕಿ.ಮೀ. ಬಸ್ಸು ತಪ್ಪೀತೆಂದು ಬಿರುಸಾಗಿ ನಡೆಯುವವನ ವೇಗ ಅದು. ನೆಲ ಹೀಗೆ ಆಮೆಯಂತಿದ್ದರೆ ಮೇಲಿನ ಮೋಡಗಳು ಕುದುರೆಯಂತೆ. ಅವು ಗಂಟೆಗೆ ಸುಮಾರು 360 ಕಿ.ಮೀ. ವೇಗದಲ್ಲಿ ಓಡಿ ನಾಲ್ಕೇ ದಿನಗಳಲ್ಲಿ ಇಡೀ ಗ್ರಹವನ್ನು ಸುತ್ತಿಬರುತ್ತವೆ. ಈ ಗ್ರಹ ಹೀಗೇಕೆ ತಿರುಗುಮುರುಗಾಗಿ, ಇಷ್ಟು ನಿಧಾನವಾಗಿ ತಿರುಗುತ್ತದೆ ಎಂಬ ವಿಷಯದಲ್ಲಿ ವಿಜ್ಞಾನಿಗಳಿಗೆ ಇನ್ನೂ ಒಮ್ಮತವಿಲ್ಲ.

ಇವೆಲ್ಲ ಸೋಜಿಗದ ಸಂಗತಿಗಳು. ಆದರೆ ಶುಕ್ರನ ನಿಜವಾದ ವಿಶೇಷ ಅದರ ವಾಯುಮಂಡಲ. ಅಲ್ಲಿಯ ಗಾಳಿಯಲ್ಲಿ ಶೇಕಡಾ 96ಕ್ಕೂ ಹೆಚ್ಚು ಭಾಗ ಇಂಗಾಲದ ಡೈ ಆಕ್ಸೈಡ್. ಉಳಿದದ್ದು ಬಹುಮಟ್ಟಿಗೆ ಸಾರಜನಕ. ನೆಲದ ಮೇಲೆ ಆ ಗಾಳಿಯ ಒತ್ತಡ ನಮ್ಮಲ್ಲಿಯದರ ಸುಮಾರು 92 ಪಟ್ಟು. ನಮ್ಮ ಕಡಲಿನಲ್ಲಿ 900 ಮೀಟರು ಆಳಕ್ಕೆ ಇಳಿದವನ ಮೈಮೇಲೆ ಬೀಳುವ ಭಾರಕ್ಕೆ ಅದು ಸಮ. ನೆಲದ ಉಷ್ಣತೆ ಸುಮಾರು 465 ಡಿಗ್ರಿ ಸೆಂಟಿಗ್ರೇಡ್. ಸೀಸ ಕರಗುವುದು 327 ಡಿಗ್ರಿಯಲ್ಲಿ. ಹಗಲಾಗಲಿ ರಾತ್ರಿಯಾಗಲಿ, ಧ್ರುವವಾಗಲಿ ಮಧ್ಯರೇಖೆಯಾಗಲಿ, ಬಿಸಿ ಹೆಚ್ಚುಕಡಮೆ ಒಂದೇ. ಮೇಲೆ ದಟ್ಟವಾಗಿ ಕವಿದಿರುವ ಮೋಡಗಳು ನೀರಿನವಲ್ಲ, ಗಂಧಕಾಮ್ಲದವು. ಆ ಆಮ್ಲದ ಹನಿಗಳು ನೆಲಮುಟ್ಟುವ ಮೊದಲೇ ಬಿಸಿಗೆ ಆವಿಯಾಗಿಹೋಗುತ್ತವೆ. ಸತ್ತವರನ್ನು ಬದುಕಿಸುವ ವಿದ್ಯೆ ಬಲ್ಲ ಗುರುವಿನ ಹೆಸರು ಹೊತ್ತ ಗ್ರಹದ ನೆಲದಲ್ಲಿ ಒಂದು ಹುಲ್ಲುಕಡ್ಡಿಯೂ ಬದುಕಲಾರದು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. "ಶುಕ್ರನು ಸೂರ್ಯನಿಗೆ ಹತ್ತಿರ, ಅದಕ್ಕೇ ಬಿಸಿ. ಇದರಲ್ಲಿ ನಮಗೇನು ಪಾಠ?" ಕೇಳಲು ಸರಿಯಾಗಿಯೇ ಇದೆ. ಆದರೆ ಲೆಕ್ಕ ಅಷ್ಟು ಸುಲಭವಲ್ಲ. ಬುಧಗ್ರಹವು ಸೂರ್ಯನಿಗೆ ಇನ್ನೂ ಹತ್ತಿರ. ಅಲ್ಲಿ ಹಗಲಿನ ಬಿಸಿ ಸುಮಾರು 430 ಡಿಗ್ರಿಗೆ ಏರಿದರೂ ರಾತ್ರಿ ಶೂನ್ಯಕ್ಕಿಂತ 180 ಡಿಗ್ರಿ ಕೆಳಗೆ ಇಳಿಯುತ್ತದೆ. ಹೊದಿಕೆಯಂತಹ ಗಾಳಿ ಬುಧನಿಗಿಲ್ಲ. ಇನ್ನೊಂದು ಮಾತು. ಶುಕ್ರನ ಬಿಳಿಯ ಮೋಡಗಳು ತಮ್ಮ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಎಸೆಯುತ್ತವೆ. ಬೆಳ್ಳಿ ಅಷ್ಟು ಥಳಥಳಿಸುವುದು ಅದರಿಂದಲೇ. ಹೀಗಾಗಿ ಸೂರ್ಯನಿಗೆ ಹತ್ತಿರವಿದ್ದರೂ ಶುಕ್ರನು ಹೀರಿಕೊಳ್ಳುವ ಬೆಳಕು ಚದರ ಮೀಟರಿಗೆ ಭೂಮಿ ಹೀರುವುದಕ್ಕಿಂತ ಕಡಮೆ! ಬರುವ ಆದಾಯ ಕಡಮೆ, ಆದರೂ ಸಂಚಯ ಅಪಾರ. ಕಾರಣ, ಖರ್ಚಿಗೆ ದಾರಿಯಿಲ್ಲ. ನೆಲದ ಬಿಸಿ ಹೊರಗೆ ಹೋಗದಂತೆ ಇಂಗಾಲದ ಡೈ ಆಕ್ಸೈಡಿನ ದಪ್ಪ ಕಂಬಳಿ ತಡೆದುಹಿಡಿದಿದೆ. ಗ್ರಹದ ಭಾಗ್ಯವನ್ನು ಸೂರ್ಯನಿಂದಿರುವ ದೂರ ಮಾತ್ರವೇ ನಿರ್ಧರಿಸುವುದಿಲ್ಲ, ಅದರ ಗಾಳಿಯೂ ನಿರ್ಧರಿಸುತ್ತದೆ. ಇದೇ ಶುಕ್ರನ ಪಾಠ.

ಹಾಗಾದರೆ ಭೂಮಿಯಲ್ಲಿ ಇಂಗಾಲವಿಲ್ಲವೇ? ಧಾರಾಳವಾಗಿ ಇದೆ. ಶುಕ್ರನ ಗಾಳಿಯಲ್ಲಿರುವಷ್ಟೇ ಇಂಗಾಲ ಹೆಚ್ಚುಕಡಮೆ ನಮ್ಮಲ್ಲಿಯೂ ಇದೆಯೆಂದು ಅಂದಾಜು. ಆದರೆ ಅದರ ಬಹುಭಾಗ ಗಾಳಿಯಲ್ಲಿಲ್ಲ, ಕಲ್ಲಿನಲ್ಲಿ ಸೆರೆಯಾಗಿದೆ. ಇದಕ್ಕೆ ಉದಾಹರಣೆ ನಮ್ಮ ಅಜ್ಜಿಯರ ಎಲೆಯಡಿಕೆಯ ತಟ್ಟೆಯಲ್ಲೇ ಉಂಟು. ಕರಾವಳಿಯಲ್ಲಿ ಕಡಲು ಮತ್ತು ಹೊಳೆಗಳ ಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಡುವಾಗ ಚಿಪ್ಪಿನೊಳಗಿದ್ದ ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗಿ ಸುಣ್ಣ ಉಳಿಯುತ್ತದೆ. ಆ ವಾಯು ಚಿಪ್ಪಿನೊಳಗೆ ಬಂದದ್ದು ಎಲ್ಲಿಂದ? ಗಾಳಿಯಿಂದ ನೀರಿಗೆ, ನೀರಿನಿಂದ ಜೀವಿಯ ಚಿಪ್ಪಿಗೆ. ಕೋಟ್ಯಂತರ ವರ್ಷ ಮಳೆಯೂ ಕಡಲೂ ಜೀವಿಗಳೂ ಕೂಡಿ ದುಡಿದು ಇಂಗಾಲವನ್ನು ಸುಣ್ಣಕಲ್ಲಿನಲ್ಲಿ ಹೂತಿಟ್ಟಿವೆ. ಶುಕ್ರನಲ್ಲಿ ಈ ಕೆಲಸ ಮಾಡಲು ಕಡಲಿಲ್ಲ. ಹಿಂದೆ ಅಲ್ಲಿ ಈಗಿನದಕ್ಕಿಂತ ಬಹಳ ಹೆಚ್ಚು ನೀರಿದ್ದಿರಬೇಕು ಎಂಬುದಕ್ಕೆ ಗುರುತು ಸಿಕ್ಕಿದೆ. 1978ರಲ್ಲಿ ಅಮೆರಿಕದ ಪಯೊನೀರ್ ವೀನಸ್ ನೌಕೆಯ ಉಪಕರಣಗಳು ಅಲ್ಲಿ ಭಾರವಾದ ಜಲಜನಕದ ಪ್ರಮಾಣ ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಎಂದು ತೋರಿಸಿಕೊಟ್ಟವು. ಹಗುರವಾದ ಜಲಜನಕ ಆಕಾಶಕ್ಕೆ ಹಾರಿಹೋಗಿ ಭಾರದ್ದು ಹಿಂದುಳಿದಿದೆ. ಪಾತ್ರೆಯ ನೀರು ಬತ್ತಿದ ಮೇಲೆ ತಳದಲ್ಲಿ ಉಪ್ಪು ಉಳಿಯುವಂತೆ.

ಈಗ ನಮ್ಮ ಮನೆಯ ಕಡೆ ತಿರುಗೋಣ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಕ್ರಮವಾಗಿ ಅಳೆಯಲು ತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈ ಆಕ್ಸೈಡ್ ಇತ್ತು. 2024ರ ಹೊತ್ತಿಗೆ ಅದು 420ನ್ನು ದಾಟಿದೆ. ಕೋಟ್ಯಂತರ ವರ್ಷ ಹೂತಿಟ್ಟ ಕಲ್ಲಿದ್ದಲನ್ನೂ ಎಣ್ಣೆಯನ್ನೂ ನಾವು ಎರಡು ಮೂರು ಶತಮಾನಗಳಲ್ಲಿ ತೆಗೆದು ಸುಡುತ್ತಿದ್ದೇವೆ. ಹಾಗೆಂದು ನಾಳೆಯೇ ಭೂಮಿ ಶುಕ್ರನಾಗಿಬಿಡುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಅಲ್ಲಿಯ ಗಾಳಿಯ ರಾಶಿಯೇ ಬೇರೆ, ನಮ್ಮದೇ ಬೇರೆ. ಆದರೆ ಅಲ್ಲಿ ಕೆಲಸ ಮಾಡುವ ಪ್ರಕೃತಿ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಸೀಸ ಕರಗಿಸುವ ಬಿಸಿ ಬೇಡ. ಎರಡು ಮೂರು ಡಿಗ್ರಿ ಏರಿದರೂ ಮಳೆಯನ್ನು ನಂಬಿದ ಅಡಕೆ ತೋಟದವನಿಗೂ ಕಡಲಿನ ಅಂಚಿನಲ್ಲಿ ಮನೆ ಕಟ್ಟಿಕೊಂಡ ಮೊಗವೀರನಿಗೂ ಸಂಕಟ ತಪ್ಪಿದ್ದಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ನಮ್ಮ ಒಲೆಯನ್ನೂ ಒಮ್ಮೆ ನೋಡಿಕೊಳ್ಳುವುದು ಜಾಣತನ.

ಈ ತಿಳಿವಳಿಕೆ ಬಂದ ದಾರಿಯೂ ತಿಳಿದಿರಬೇಕಾದದ್ದೇ. ಶುಕ್ರನನ್ನು ಮೋಡ ಮುಚ್ಚಿರುವುದನ್ನು ಕಂಡ ಹಿಂದಿನವರು "ಮೋಡವಿದೆ, ಆದುದರಿಂದ ಮಳೆಯಿದೆ, ಆದುದರಿಂದ ಕಾಡಿದೆ" ಎಂದು ಊಹಿಸಿದರು. ನೊಬೆಲ್ ಪಾರಿತೋಷಕ ಪಡೆದ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಅವರೂ ಶುಕ್ರನ ಬಹುಭಾಗ ಜೌಗುನೆಲವೆಂದು ಬರೆದಿದ್ದರು. ಅಳೆದಾಗ ಏನಾಯಿತು? 1962ರಲ್ಲಿ ಅಮೆರಿಕದ ಮ್ಯಾರಿನರ್ 2 ಶುಕ್ರನ ಬಳಿ ಹಾದುಹೋಗಿ ಅಲ್ಲಿ ಉರಿಬಿಸಿಯಿದೆಯೆಂದು ತಿಳಿಸಿತು. 1970ರ ಡಿಸೆಂಬರಿನಲ್ಲಿ ಸೋವಿಯತ್ ದೇಶದ ವೆನೆರಾ 7 ನೆಲಕ್ಕಿಳಿದು ಸಂದೇಶ ಕಳಿಸಿತು. ಬೇರೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊದಲ ಸಂದೇಶವದು. 1975ರಲ್ಲಿ ವೆನೆರಾ 9 ಆ ನೆಲದ ಚಿತ್ರ ಕಳಿಸಿತು. ಕಾಡಿಲ್ಲ, ನೀರಿಲ್ಲ, ಬರೀ ಕಲ್ಲು. 1982ರಲ್ಲಿ ಇಳಿದ ವೆನೆರಾ 13 ಆ ಕುಲುಮೆಯಲ್ಲಿ 127 ನಿಮಿಷ ಬಾಳಿತು. ಅದು ಅರ್ಧ ಗಂಟೆ ಬಾಳಿದರೆ ಸಾಕೆಂದು ಕಟ್ಟಿದವರು ಎಣಿಸಿದ್ದರು. 1990ರಿಂದ 1994ರ ವರೆಗೆ ಮೆಗೆಲನ್ ನೌಕೆ ಮೋಡದಾಚೆಯ ನೆಲವನ್ನು ರೇಡಾರಿನಿಂದ ನೋಡಿ ನಕ್ಷೆ ಬರೆಯಿತು. ಆ ಹಳೆಯ ಚಿತ್ರಗಳನ್ನೇ ಮತ್ತೆ ಹುಡುಕಿ, 1991ರಲ್ಲಿ ಒಂದು ಜ್ವಾಲಾಮುಖಿಯ ಬಾಯಿ ಎಂಟು ತಿಂಗಳಲ್ಲಿ ರೂಪ ಬದಲಾಯಿಸಿದ್ದನ್ನು 2023ರಲ್ಲಿ ಗುರುತಿಸಿದರು. ಮೂವತ್ತು ವರ್ಷ ಕಪಾಟಿನಲ್ಲಿದ್ದ ಚಿತ್ರದಲ್ಲಿಯೂ ಹೊಸ ಸಂಗತಿ ಅಡಗಿರಬಹುದು! ದೊಡ್ಡವರು ಹೇಳಿದ್ದಾರೆ ಎಂಬುದು ವಿಜ್ಞಾನದಲ್ಲಿ ಕೊನೆಯ ಮಾತಲ್ಲ, ಅಳತೆಯೇ ಕೊನೆಯ ಮಾತು.

ಇದೇ ದೃಷ್ಟಿಯಿಂದ ಪೋಷಕರಲ್ಲಿ ಒಂದು ವಿಚಾರ ಹೇಳಬಯಸುತ್ತೇನೆ. ಶುಕ್ರನು ಸೂರ್ಯನ ಹತ್ತಿರ ಸರಿದು ಕಾಣದಾದಾಗ ಪಂಚಾಂಗದಲ್ಲಿ ಶುಕ್ರಾಸ್ತ, ಮೌಢ್ಯ ಎಂದು ಬರೆದಿರುತ್ತದೆ. ಆಗ ಮದುವೆ ಮೊದಲಾದ ಶುಭಕಾರ್ಯಗಳನ್ನು ಮಾಡುವುದಿಲ್ಲ. ಆಚರಣೆಯನ್ನು ಪಾಲಿಸುವುದೂ ಬಿಡುವುದೂ ಅವರವರ ಮನೆಯ ವಿಚಾರ. ಆದರೆ ಮಕ್ಕಳು "ಏಕೆ ಕಾಣುವುದಿಲ್ಲ?" ಎಂದು ಕೇಳಿದರೆ ಗದರಿಸಬೇಡಿ. ಶುಕ್ರನು ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಆಚೆಗೆ ಎಂದೂ ಹೋಗುವುದಿಲ್ಲ. ಆದುದರಿಂದ ನಡುರಾತ್ರಿ ಅದು ನಮಗೆ ಕಾಣುವುದೇ ಇಲ್ಲ. ಕೆಲವು ತಿಂಗಳು ಸಂಜೆ ಪಡುವಣದಲ್ಲಿ, ಕೆಲವು ತಿಂಗಳು ಬೆಳಗ್ಗೆ ಮೂಡಣದಲ್ಲಿ, ನಡುನಡುವೆ ಸೂರ್ಯನ ಪ್ರಭೆಯಲ್ಲಿ ಮರೆ. ಇದನ್ನು ದೂರದರ್ಶಕವಿಲ್ಲದ ಕಾಲದಲ್ಲಿ ನೋಡಿ, ಬರೆದಿಟ್ಟು, ಮುಂದಾಗಿ ಲೆಕ್ಕ ಹಾಕಿದವರೇ ನಮ್ಮ ಜ್ಯೋತಿಷಿಗಳು. ಅವರಿಂದ ಹೆದರಿಕೆಯನ್ನು ಮಾತ್ರ ಉಳಿಸಿಕೊಂಡು ನೋಡುವ ಅಭ್ಯಾಸವನ್ನೂ ಲೆಕ್ಕವನ್ನೂ ಬಿಟ್ಟುಕೊಡುವುದು ಅವರಿಗೆ ತೋರುವ ಗೌರವವಲ್ಲ.

"ಇದೆಲ್ಲ ಇಂಗ್ಲಿಷಿನಲ್ಲಿ ಕಲಿಯತಕ್ಕ ವಿಷಯ, ಕನ್ನಡದಲ್ಲಿ ಎಲ್ಲಿಂದ ಬರಬೇಕು?" ಎಂದು ಕೇಳುವವರುಂಟು. ಗಡಿಯಾಚೆಯ ಈ ಊರಿನಲ್ಲಿ ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳಿಸುವ ತಂದೆತಾಯಿಗಳ ಕಿವಿಗೆ ಈ ಮಾತು ಬೀಳದ ವರ್ಷವಿಲ್ಲ. ಅವರು ಒಂದು ಹಳೆಯ ಸಂಗತಿಯನ್ನು ತಿಳಿಯಬೇಕು. 1874ರ ಡಿಸೆಂಬರ್ 9ರಂದು ಶುಕ್ರನು ಸೂರ್ಯಬಿಂಬವನ್ನು ಅಡ್ಡ ಹಾಯ್ದನು. ಮದರಾಸು ವೀಕ್ಷಣಾಲಯದಲ್ಲಿ ಕೆಲಸಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅದನ್ನು ಜನರಿಗೆ ತಿಳಿಸಲು ಒಂದು ಪುಸ್ತಿಕೆ ಬರೆದರು. ಸಿದ್ಧಾಂತಿಯೊಬ್ಬನು ತನ್ನ ಮಿತ್ರರೊಡನೆ ಮಾತನಾಡುವ ರೀತಿಯಲ್ಲಿ ಅದನ್ನು ರಚಿಸಿದ್ದರು. ಆ ಪುಸ್ತಿಕೆ ಇಂಗ್ಲಿಷಿನಲ್ಲಿ ಮಾತ್ರವಲ್ಲ, ಕನ್ನಡದಲ್ಲಿಯೂ ಅಚ್ಚಾಯಿತು. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಒಂದೂವರೆ ಶತಮಾನದ ಹಿಂದೆಯೇ ಶುಕ್ರನ ಸಂಗತಿಯನ್ನು ಕನ್ನಡದಲ್ಲಿ ಹೇಳಲು ಸಾಧ್ಯವಾಗಿತ್ತು. ಇಂದು ಸಾಧ್ಯವಿಲ್ಲವೆಂದರೆ ಕೊರತೆ ಭಾಷೆಯದಲ್ಲ, ನಮ್ಮ ಪ್ರಯತ್ನದ್ದು. ಇಂಗ್ಲಿಷು ಬೇಡವೆಂದು ನಾನು ಹೇಳುವುದಿಲ್ಲ, ಅದನ್ನೂ ಚೆನ್ನಾಗಿ ಕಲಿಯಲಿ. ಆದರೆ "ಏಕೆ?" ಎಂಬ ಪ್ರಶ್ನೆ ಮಗುವಿನ ಬಾಯಲ್ಲಿ ಮೊದಲು ಹುಟ್ಟುವುದು ಮನೆಯ ಮಾತಿನಲ್ಲಿ.

"ಬೀಡಿ ಕಟ್ಟುವವನ ಮಗನಿಗೆ, ತೋಟದ ಕೆಲಸದವಳ ಮಗಳಿಗೆ ಶುಕ್ರನಿಂದ ಏನು ಪ್ರಯೋಜನ?" ಇದು ಇನ್ನೊಂದು ಆಕ್ಷೇಪ. ಹೊಟ್ಟೆಪಾಡು ದೊಡ್ಡದು, ನಿಜ. ಆದರೆ ಆಕಾಶ ನೋಡಲು ಶುಲ್ಕವಿಲ್ಲ. ದೊಡ್ಡ ಪ್ರಯೋಗಾಲಯವಿಲ್ಲದ ಶಾಲೆಗೂ ಪದವಿನ ಮೇಲಿನ ಆಕಾಶ, ಕಡಲ ಮೇಲಿನ ದಿಗಂತ ಪುಕ್ಕಟೆಯಾಗಿ ಸಿಗುತ್ತವೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಕೇಂದ್ರ ಮಂತ್ರಿಮಂಡಲವು 1,236 ಕೋಟಿ ರೂಪಾಯಿ ವೆಚ್ಚದ ಶುಕ್ರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೌಕೆಯನ್ನು 2028ರ ಮಾರ್ಚಿನಲ್ಲಿ ಹಾರಿಸಬೇಕೆಂದು ಆಗ ಗುರಿಯಿಟ್ಟರು. ಅದು ಕಳಿಸುವ ಮಾಹಿತಿಯನ್ನು ಓದುವವರು ಇಂದು ಎಲ್ಲೋ ಹೈಸ್ಕೂಲಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಅವರು ನಮ್ಮ ಬೆಂಚಿನ ಮೇಲೂ ಇರಬಾರದೇಕೆ?

ಹೆಣ್ಣುಮಕ್ಕಳಿಗೆ ಒಂದು ವಿಶೇಷ ಮಾತು. ಶುಕ್ರನ ಬೆಟ್ಟಬಯಲುಗಳಿಗೆ, ಎರಡು ಮೂರನ್ನು ಬಿಟ್ಟು, ಸ್ತ್ರೀಯರ ಮತ್ತು ದೇವಿಯರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿಯ ಒಂದು ಎತ್ತರದ ಪ್ರಸ್ಥಭೂಮಿಗೆ ಲಕ್ಷ್ಮಿಯ ಹೆಸರು. ಒಂದು ಕುಳಿಗೆ 1886ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದ ಆನಂದಿಬಾಯಿ ಜೋಶಿಯವರ ಹೆಸರು. ಹುಡುಗಿಯರು ಕತ್ತಲಾದ ಮೇಲೆ ಅಂಗಳಕ್ಕೆ ಬಂದು ನಕ್ಷತ್ರ ನೋಡಿದರೆ ತಪ್ಪೇನು ಎಂದು ತಾಯಂದಿರು ಯೋಚಿಸಲಿ. ಜೊತೆಯಲ್ಲಿ ತಾವೂ ಬಂದು ನಿಲ್ಲಲಿ.

ಕೊನೆಯದಾಗಿ ನನ್ನ ಸಲಹೆ ಇಷ್ಟೇ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಇಪ್ಪತ್ತು ಹಾಳೆಯ ಪುಸ್ತಕವಿಟ್ಟುಕೊಳ್ಳಲಿ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತು, ಬೆಳ್ಳಿ ಯಾವ ಮರದ ಮೇಲೆ, ದಿಗಂತದಿಂದ ಎಷ್ಟು ಬೆರಳು ಎತ್ತರದಲ್ಲಿದೆ ಎಂದು ಬರೆಯಲಿ. ಸೂರ್ಯ ಪೂರ್ತಿ ಮುಳುಗಿದ ಮೇಲೆ, ಇಲ್ಲವೆ ಹುಟ್ಟುವುದಕ್ಕೆ ಮುಂಚೆ ಮಾತ್ರ ನೋಡಬೇಕು. ಸೂರ್ಯನತ್ತ ಬರಿಗಣ್ಣನ್ನಾಗಲಿ ದುರ್ಬೀನನ್ನಾಗಲಿ ತಿರುಗಿಸಲೇಬಾರದು. ಶಾಲೆಯಲ್ಲಿ ಒಂದು ಸಣ್ಣ ದೂರದರ್ಶಕವಿದ್ದರೆ ಶುಕ್ರನೂ ಚಂದ್ರನಂತೆ ಬಿದಿಗೆಯಾಗಿ, ಅರ್ಧವಾಗಿ ಕಾಣುವುದನ್ನು ನೋಡಬಹುದು. 1610ರಲ್ಲಿ ಗೆಲಿಲಿಯೋ ಕಂಡು, ಶುಕ್ರನು ಸೂರ್ಯನನ್ನೇ ಸುತ್ತುತ್ತಾನೆಂದು ಮನಗಂಡದ್ದು ಇದನ್ನೇ.

ಈ ಪುಸ್ತಕವನ್ನು ವರ್ಷಾಂತ್ಯಕ್ಕೆ ಎಸೆಯಬೇಡಿ. ಶುಕ್ರನಿಗೆ ಎಂಟು ವರ್ಷಗಳ ಒಂದು ಲೆಕ್ಕವಿದೆ. ಇಂದು ಎಲ್ಲಿ ಕಂಡಿತೋ ಎಂಟು ವರ್ಷಗಳ ತರುವಾಯ, ಎರಡು ಮೂರು ದಿನ ಮುಂಚಿತವಾಗಿ, ಸರಿಸುಮಾರು ಅಲ್ಲಿಯೇ ಅದು ಮತ್ತೆ ಕಾಣುತ್ತದೆ. 2004ರ ಜೂನ್ 8ರಂದು ಸೂರ್ಯಬಿಂಬವನ್ನು ಹಾಯ್ದ ಶುಕ್ರನು ಮತ್ತೆ ಹಾಯ್ದದ್ದು 2012ರ ಜೂನ್ 6ರಂದು. ಇನ್ನೊಮ್ಮೆ ಹಾಯುವುದು 2117ರ ಡಿಸೆಂಬರಿನಲ್ಲಿ. ಅದನ್ನು ನೋಡಲು ನಾವು ಯಾರೂ ಇರಲಾರೆವು. ಆದರೆ ಎಂಟು ವರ್ಷದ ಲೆಕ್ಕವನ್ನು ನೀವೇ ಒರೆಗೆ ಹಚ್ಚಬಹುದು. ಇಂದು ಎಂಟನೆಯ ತರಗತಿಯಲ್ಲಿರುವ ಹುಡುಗ, ಹುಡುಗಿ ಆಗ ಇಪ್ಪತ್ತು ದಾಟಿ ಉದ್ಯೋಗದಲ್ಲೋ ಸಂಸಾರದಲ್ಲೋ ಇರುತ್ತೀರಿ. ಅಂದು ಈ ಹಳೆಯ ಪುಸ್ತಕ ತೆರೆದು, ಅದೇ ಮರದ ಮೇಲೆ ಬೆಳ್ಳಿ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಕಲಿತ ಲೆಕ್ಕ ನಿಜ. ಆ ಮರವೂ ಅಲ್ಲಿಯೇ ಉಳಿದಿದ್ದರೆ ಶುಕ್ರನ ಪಾಠವನ್ನು ನಾವು ಸ್ವಲ್ಪವಾದರೂ ಕಲಿತೆವು ಎಂದು ತಿಳಿಯೋಣ.